ಏಪ್ರಿಲ್‌ನ ರನ್ನುಗಳನ್ನು ಎಷ್ಟು ನಂಬಬೇಕು? ಎರಡು ವಾರದ ಬೇಸ್‌ಬಾಲ್ ಲೆಕ್ಕ

ಶಿಕಾಗೋ ಚಳಿ
ಏಪ್ರಿಲ್ 10, 2025

ಋತು ಆರಂಭವಾಗಿ ಎರಡು ವಾರವಾಯಿತು. ನಮ್ಮ ಕಚೇರಿಯಲ್ಲಿ ಊಟದ ಹೊತ್ತಿಗೆ ಟಾರ್ಪಿಡೊ ಬ್ಯಾಟ್ (ದಪ್ಪ ಭಾಗವನ್ನು ತುದಿಯಿಂದ ಸ್ವಲ್ಪ ಹಿಡಿಯ ಕಡೆಗೆ ಸರಿಸಿದ ಹೊಸ ಆಕಾರದ ಬ್ಯಾಟ್) ಬಿಟ್ಟರೆ ಬೇರೆ ಮಾತಿಲ್ಲ. ಮಾರ್ಚ್ 29ರಂದು ಯಾಂಕೀಸ್ ತಂಡ ಮಿಲ್ವಾಕೀ ತಂಡವನ್ನು 20–9ರಿಂದ ಬಡಿದದ್ದು ನೆನಪಿರಬೇಕು. ಒಂದೇ ಪಂದ್ಯದಲ್ಲಿ ಒಂಬತ್ತು ಹೋಮ್ ರನ್. ಮಿಲ್ವಾಕೀಯ ನೆಸ್ಟರ್ ಕಾರ್ಟೆಸ್ ಎಸೆದ ಮೊದಲ ಮೂರು ಚೆಂಡುಗಳೂ ಗೋಡೆಯಾಚೆ ಬಿದ್ದವು: ಗೋಲ್ಡ್‌ಶ್ಮಿಟ್, ಬೆಲಿಂಜರ್, ಜಡ್ಜ್. ಪ್ರೇಕ್ಷಕರು ತಿಂಡಿ ಕೊಂಡು ಸೀಟಿಗೆ ಬರುವಷ್ಟರಲ್ಲಿ ಪಂದ್ಯದ ಅರ್ಧ ಕಥೆ ಮುಗಿದಿತ್ತು. ಅಂದಿನಿಂದ ನನ್ನ ಸಹೋದ್ಯೋಗಿಯೊಬ್ಬರು ಈ ವರ್ಷ ರನ್ನುಗಳ ಸುರಿಮಳೆ ಎಂದು ಪಂಥಕ್ಕೆ ನಿಂತಿದ್ದಾರೆ.

ಕಳೆದ ವಾರ ನಾನು ರಿಗ್ಲಿ ಮೈದಾನದಲ್ಲಿ ಎರಡು ಸ್ವೆಟರ್ ತೊಟ್ಟು, ಅದರ ಮೇಲೆ ಅಮ್ಮ ಕಳುಹಿಸಿದ ಶಾಲು ಹೊದ್ದು ಕುಳಿತಿದ್ದೆ. ಬ್ಯಾಟಿನಿಂದ ಬಂದ ಸದ್ದು ಕೇಳಿದರೆ ಚೆಂಡು ರಸ್ತೆಗೇ ಹೋಯಿತು ಎನ್ನಬೇಕು. ಆದರೆ ಅದು ಎಡಗಡೆಯ ಫೀಲ್ಡರ್ ಕೈಯಲ್ಲಿ ಸುಮ್ಮನೆ ಬಂದು ಕೂರುತ್ತಿತ್ತು. ಒಂದಲ್ಲ, ನಾಲ್ಕು ಬಾರಿ ಹೀಗಾಯಿತು. ಟಿವಿಯಲ್ಲಿ ಕೇಳುತ್ತಿರುವುದಕ್ಕೂ ಕಣ್ಣಾರೆ ನೋಡಿದ್ದಕ್ಕೂ ತಾಳೆ ಇಲ್ಲ.

ಪಂಥ ಒಪ್ಪಿಕೊಳ್ಳಲೇ ಬೇಡವೇ? ಏಪ್ರಿಲ್‌ನ ರನ್ ಸರಾಸರಿ ನೋಡಿ ಇಡೀ ವರ್ಷವನ್ನು ಊಹಿಸಲು ಸಾಧ್ಯವೇ? ತಿಳಿದವರು ಹೇಳಿ.

ತಾಳಗುಪ್ಪ ಪ್ಯಾಸೆಂಜರ್
ಏಪ್ರಿಲ್ 10

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಎರಡು ವಾರದಲ್ಲಿ ಒಂದು ತಂಡ ಹನ್ನೆರಡೋ ಹದಿಮೂರೋ ಪಂದ್ಯ ಆಡಿದೆ, ಮೂವತ್ತು ತಂಡಗಳಿವೆ. ಅದು ಒಂದು ಅಗುಳಲ್ಲ, ಒಂದು ಸೌಟು. ಹಿಸುಕಿ ನೋಡಿ, ಪಂಥ ಕಟ್ಟಿ.

ಲೆಕ್ಕದ ಮೇಷ್ಟ್ರು
ಏಪ್ರಿಲ್ 10

ಅಜ್ಜಿಯ ಮಾತು ಸರಿ, ಅದನ್ನು ಇಲ್ಲಿಗೆ ತಂದದ್ದು ತಪ್ಪು. ಒಂದು ಅಗುಳು ಇಡೀ ಪಾತ್ರೆಯ ಸುದ್ದಿ ಹೇಳುವುದು ನೀರು ಕುದ್ದು ಅಕ್ಕಿಯೆಲ್ಲ ಒಂದೇ ಬಿಸಿಯಲ್ಲಿ ಹೊರಳಿದ ಮೇಲೆ. ಈಗ ನಾವು ಪಾತ್ರೆಯನ್ನು ಒಲೆಯ ಮೇಲೆ ಇಟ್ಟು ಐದು ನಿಮಿಷವಾಗಿದೆ. ತಳದಲ್ಲಿ ಬಿಸಿ, ಮೇಲೆ ತಣ್ಣೀರು. ಲಾಸ್ ಏಂಜಲೀಸ್‌ನ ಅಗುಳು ಒಂದು ಕಥೆ ಹೇಳುತ್ತದೆ, ಶಿಕಾಗೋದ ಅಗುಳು ಇನ್ನೊಂದು.

ಸೌಟಿನ ಲೆಕ್ಕವನ್ನೂ ಮಾಡಿಬಿಡೋಣ. ಒಂದು ತಂಡ ಒಂದು ಪಂದ್ಯದಲ್ಲಿ ಗಳಿಸುವ ರನ್ ಸರಾಸರಿ ನಾಲ್ಕೂವರೆಯ ಆಸುಪಾಸು. ಒಂದು ದಿನ ಸೊನ್ನೆ, ಇನ್ನೊಂದು ದಿನ ಹನ್ನೊಂದು ಎಂಬಂತಹ ಏರಿಳಿತದ ಅಳತೆ, ಅಂದರೆ ಪ್ರಮಾಣ ವಿಚಲನೆ, ಸುಮಾರು 3 ರನ್. ಹನ್ನೆರಡು ಪಂದ್ಯಗಳ ನಂತರ ಒಂದು ತಂಡದ ಸರಾಸರಿಯಲ್ಲಿ ಉಳಿಯುವ ಅನಿಶ್ಚಿತತೆ 3 ಭಾಗಿಸು ಹನ್ನೆರಡರ ವರ್ಗಮೂಲ: ಸುಮಾರು 0.87 ರನ್. ಎಂದರೆ ನಿಜವಾಗಿ 4.5 ರನ್ ಯೋಗ್ಯತೆಯ ತಂಡ ಎರಡು ವಾರದಲ್ಲಿ 3.6 ಎಂದೋ 5.4 ಎಂದೋ ಕಂಡರೆ ಯಾರೂ ಬೆಚ್ಚಬೇಕಾಗಿಲ್ಲ. 5.4 ಎಂಬುದು ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಪಡೆಯ ಸರಾಸರಿ, 3.6 ಎಂಬುದು ಕೊನೆಯ ಸ್ಥಾನದ ಸರಾಸರಿ. ಒಂದೇ ತಂಡ, ಬರೀ ಅದೃಷ್ಟ.

ಇಡೀ ಲೀಗ್ ತೆಗೆದುಕೊಂಡರೆ ತಂಡ-ಪಂದ್ಯಗಳು 360ರಷ್ಟು. ಅನಿಶ್ಚಿತತೆ 0.16ಕ್ಕೆ ಇಳಿಯುತ್ತದೆ. ವಾಡಿಕೆಯಂತೆ ಅದರ ಎರಡು ಪಟ್ಟು ಹಿಡಿದರೆ 0.3 ರನ್. ಈಗ ಹಿಂದಿನ ವರ್ಷಗಳ ಅಂಕಿ ನೋಡಿ. ಒಂದು ತಂಡ ಒಂದು ಪಂದ್ಯಕ್ಕೆ ಗಳಿಸಿದ ಸರಾಸರಿ ರನ್ 2022ರಲ್ಲಿ 4.28, 2023ರಲ್ಲಿ 4.62, ಕಳೆದ ವರ್ಷ 4.39. ವರ್ಷದಿಂದ ವರ್ಷಕ್ಕೆ ಜನ ಲೇಖನ ಬರೆದು ಜಗಳವಾಡುವ ವ್ಯತ್ಯಾಸಗಳೇ 0.2, 0.3. ಎರಡು ವಾರದ ಸೌಟಿನಲ್ಲಿ ಅಷ್ಟು ವ್ಯತ್ಯಾಸ ಬರೀ ಗಾಳಿಮಾತಿನಂತೆ ಬಂದು ಹೋಗುತ್ತದೆ.

ಇನ್ನು ಆ 20–9 ಪಂದ್ಯ. ಸಾಧಾರಣ ಪಂದ್ಯದಲ್ಲಿ ಎರಡೂ ತಂಡ ಸೇರಿ ಒಂಬತ್ತು ರನ್. ಅಲ್ಲಿ ಬಂದದ್ದು 29. ಹೆಚ್ಚುವರಿ 20 ರನ್ನನ್ನು 360ಕ್ಕೆ ಹಂಚಿದರೆ ಇಡೀ ಲೀಗಿನ ಸರಾಸರಿ 0.05ರಷ್ಟು ಮೇಲೇರುತ್ತದೆ. ಯಾಂಕೀಸ್ ಒಂದರದ್ದೇ ಸರಾಸರಿ ಆ ಒಂದು ಮಧ್ಯಾಹ್ನದಿಂದ ಸುಮಾರು 1.3 ರನ್ ಉಬ್ಬಿದೆ. ನಿಮ್ಮ ಸಹೋದ್ಯೋಗಿ ನೋಡುತ್ತಿರುವುದು ಆ ಉಬ್ಬನ್ನು.

ಕಡಲೆಪುರಿ
ಏಪ್ರಿಲ್ 10

ಮೇಷ್ಟ್ರೇ, ಒಂದು ತಕರಾರು. ನಿಮ್ಮ ವರ್ಗಮೂಲದ ಲೆಕ್ಕ ಪ್ರತಿ ಪಂದ್ಯವೂ ಸ್ವತಂತ್ರ ಎಂದು ಭಾವಿಸುತ್ತದೆ. ಒಂದೇ ಊರಿನಲ್ಲಿ ಮೂರು ದಿನ, ಅದೇ ಚಳಿ, ಅದೇ ಗಾಳಿ, ಎರಡೂ ತಂಡಕ್ಕೆ. 360 ಎಂಬುದು ನಿಜವಾಗಿ 360 ಅಲ್ಲವಲ್ಲ?

ಲೆಕ್ಕದ ಮೇಷ್ಟ್ರು
ಏಪ್ರಿಲ್ 10

ಅಲ್ಲ. ಅನಿಶ್ಚಿತತೆ ನಾನು ಹೇಳಿದ್ದಕ್ಕಿಂತ ಹೆಚ್ಚೇ ಇರುತ್ತದೆ. ತಕರಾರು ನನ್ನ ಪರವಾಗಿಯೇ ಇದೆ, ಧನ್ಯವಾದ.

ಚಾಮುಂಡಿಪುರಂ ಹೊಸಬ
ಏಪ್ರಿಲ್ 11

ನಾನು ಈ ಆಟ ನೋಡಲು ಆರಂಭಿಸಿದ್ದು 2023ರಲ್ಲಿ, ಮಗ ಅಮೆರಿಕಕ್ಕೆ ಹೋದ ಮೇಲೆ. ನ್ಯೂಯಾರ್ಕಿನ ಸಂಜೆ 7:05ರ ಪಂದ್ಯ ಮೈಸೂರಿನಲ್ಲಿ ಬೆಳಗಿನ ಜಾವ 4:35ಕ್ಕೆ, ಹಾಲು ಬರುವ ಮುಂಚೆ. ಲಾಸ್ ಏಂಜಲೀಸ್ ಪಂದ್ಯವಾದರೆ ಕಾಫಿ, ಪೇಪರ್ ಜೊತೆ ಸರಿಯಾಗಿ ಹೊಂದುತ್ತದೆ. ಅದಕ್ಕೇ ನಾನು ಡಾಡ್ಜರ್ಸ್ ಅಭಿಮಾನಿ. ಅವರು ಈ ವರ್ಷ ಮೊದಲ ಎಂಟೂ ಪಂದ್ಯ ಗೆದ್ದರು, ಆಗ ನಾನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ. ಅತ್ತ ಅಟ್ಲಾಂಟಾ ಮೊದಲ ಏಳೂ ಸೋತಿತು. ಇದೂ ಅದೃಷ್ಟವೇ?

ಇನ್ನೊಂದು ಸಂದೇಹ. ಚಳಿಯಲ್ಲಿ ಚೆಂಡು ಹಾರುವುದಿಲ್ಲ ಎನ್ನುತ್ತೀರಿ. ಬೇಸಿಗೆಯಲ್ಲಿ ಅಮೆರಿಕದ ಪೂರ್ವ ಭಾಗದಲ್ಲಿ ವಿಪರೀತ ಸೆಕೆ, ತೇವ ಎಂದು ಮಗ ಹೇಳುತ್ತಾನೆ. ತೇವದ ಗಾಳಿ ಭಾರವಲ್ಲವೇ? ಹಾಗಿದ್ದರೆ ಆಗಲೂ ಚೆಂಡು ಹಾರಬಾರದು.

ಗಾಳಿ ಗೋಪುರ
ಏಪ್ರಿಲ್ 11

ಹೊಸಬರೇ, ನೀವು ಕೇಳಿದ ಎರಡನೇ ಪ್ರಶ್ನೆಯಲ್ಲಿ ಆಟಗಾರರೂ ವೀಕ್ಷಕ ವಿವರಣೆಕಾರರೂ ವರ್ಷಗಟ್ಟಲೆ ಎಡವಿದ್ದಾರೆ. ಮೈಗೆ ಅಂಟುವ ಗಾಳಿ ಭಾರ ಅನ್ನಿಸುತ್ತದೆ, ತೂಗಿದರೆ ಹಗುರ. ನೀರಿನ ಅಣುವಿನ ತೂಕ 18, ಗಾಳಿಯ ಬಹುಪಾಲು ಇರುವ ನೈಟ್ರೊಜನ್ ಅಣುವಿನ ತೂಕ 28. ಒಣ ಗಾಳಿಯಲ್ಲಿ ಇದ್ದ ಭಾರದ ಅಣುವಿನ ಜಾಗಕ್ಕೆ ಹಗುರ ಅಣು ಬಂದರೆ ಒಟ್ಟು ತೂಕ ಇಳಿಯಲೇಬೇಕು. ಪರಿಣಾಮ ಸಣ್ಣದು, ಆದರೆ ಅದು ಬ್ಯಾಟರ್‌ನ ಕಡೆಗಿದೆ.

ಗೊಂದಲಕ್ಕೆ ಕಾರಣ ಇನ್ನೊಂದು ತೇವ: ಚೆಂಡಿನ ಒಳಗಿನದು. ಚೆಂಡು ತೇವ ಹೀರಿಕೊಂಡರೆ ಸ್ವಲ್ಪ ಭಾರವಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ಅದರ ಪುಟಿತ ಕಡಿಮೆಯಾಗುತ್ತದೆ. ಡೆನ್ವರ್‌ನಲ್ಲಿ ಸಮುದ್ರಮಟ್ಟಕ್ಕಿಂತ ಗಾಳಿ ಐದನೇ ಒಂದು ಭಾಗದಷ್ಟು ತೆಳು. ಊರು ಇರುವುದು 1,600 ಮೀಟರ್ ಎತ್ತರದಲ್ಲಿ, ನಮ್ಮ ಬೆಂಗಳೂರು ಸುಮಾರು 900. ಅಲ್ಲಿ ಒಣ ಹವೆಗೆ ಚೆಂಡು ಕಲ್ಲಿನಂತೆ ಗಟ್ಟಿಯಾಗಿ ಇನ್ನಷ್ಟು ಪುಟಿಯುತ್ತಿತ್ತು. 2002ರಿಂದ ಚೆಂಡುಗಳನ್ನು ತೇವ ನಿಯಂತ್ರಿಸುವ ಕಪಾಟಿನಲ್ಲಿ ಇಡತೊಡಗಿದರು. ಅದಕ್ಕೆ ಹ್ಯುಮಿಡಾರ್ ಎಂದು ಹೆಸರು. 2022ರಿಂದ ಎಲ್ಲ 30 ಮೈದಾನಗಳಲ್ಲೂ ಅದು ಕಡ್ಡಾಯ.

ಈಗ ಚಳಿಯ ವಿಚಾರ. ಐದು ಡಿಗ್ರಿ ಸೆಲ್ಸಿಯಸ್ ದಿನಕ್ಕೂ ಮೂವತ್ತು ಡಿಗ್ರಿ ದಿನಕ್ಕೂ ಗಾಳಿಯ ಸಾಂದ್ರತೆಯಲ್ಲಿ ಶೇ 8ರಷ್ಟು ವ್ಯತ್ಯಾಸ. ಅಂದರೆ ಏಪ್ರಿಲ್‌ನಿಂದ ಜುಲೈಗೆ ಬಂದರೆ ಪ್ರತಿ ಊರೂ ಹತ್ತಿರ ಹತ್ತಿರ ಅರ್ಧ ಡೆನ್ವರ್ ಆಗುತ್ತದೆ. ಬೇಸ್‌ಬಾಲ್‌ನ ಭೌತಶಾಸ್ತ್ರಕ್ಕೆ ಅಧಿಕೃತ ಧ್ವನಿ ಎನ್ನಬಹುದಾದ ಇಲಿನಾಯ್ ವಿಶ್ವವಿದ್ಯಾಲಯದ ಅಲನ್ ನೇಥನ್ ಅವರ ಅಂದಾಜಿನಂತೆ ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ ಎತ್ತರದ ಹೊಡೆತ ಸುಮಾರು 3 ಅಡಿ ಹೆಚ್ಚು ದೂರ ಹೋಗುತ್ತದೆ. ನಾನು ಹೇಳಿದ 25 ಡಿಗ್ರಿ ಸೆಲ್ಸಿಯಸ್ ಎಂದರೆ 45 ಫ್ಯಾರನ್‌ಹೀಟ್, ಹದಿಮೂರು ಹದಿನಾಲ್ಕು ಅಡಿ. ನಾಲ್ಕು ಮೀಟರ್! ಶಿಕಾಗೋದವರು ನೋಡಿದ ನಾಲ್ಕು ಹೊಡೆತಗಳು ಫೀಲ್ಡರ್ ಗೋಡೆಗೆ ಬೆನ್ನು ತಾಗಿಸಿಕೊಂಡು ಹಿಡಿದವಾಗಿದ್ದರೆ ಜುಲೈಯಲ್ಲಿ ಅವು ಪ್ರೇಕ್ಷಕರ ಮಡಿಲಿಗೆ ಬೀಳುತ್ತಿದ್ದವು. ಚಳಿಯಲ್ಲಿ ಚೆಂಡಿನ ಪುಟಿತವೂ ಕಡಿಮೆ, ಅದು ಬೇರೆ ಲೆಕ್ಕ.

ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು 2023ರಲ್ಲಿ ಇದೇ ತರ್ಕವನ್ನು ಹವಾಮಾನ ಬದಲಾವಣೆಗೆ ಅನ್ವಯಿಸಿ, 2010ರಿಂದೀಚೆಗೆ 500ಕ್ಕೂ ಹೆಚ್ಚು ಹೋಮ್ ರನ್‌ಗಳು ಭೂಮಿ ಬಿಸಿಯಾದುದರ ಕೊಡುಗೆ ಎಂದು ಲೆಕ್ಕ ಹಾಕಿದ್ದಾರೆ. ಒಟ್ಟು ಹೋಮ್ ರನ್‌ಗಳಲ್ಲಿ ಅದು ಶೇ 1ರಷ್ಟು ಮಾತ್ರ ಎಂಬುದನ್ನೂ ಅವರೇ ಹೇಳಿದ್ದಾರೆ. ಪತ್ರಿಕೆಗಳ ತಲೆಬರಹಗಳಲ್ಲಿ ಮೊದಲ ಅರ್ಧ ಮಾತ್ರ ಉಳಿಯಿತು.

ಶಿಕಾಗೋ ಚಳಿ
ಏಪ್ರಿಲ್ 11

ಗೋಡೆಗೆ ಬೆನ್ನು ತಾಗಿಸಿ ಹಿಡಿದದ್ದು ಎರಡು. ಉಳಿದೆರಡಕ್ಕೆ ಅವನು ನಡೆದುಕೊಂಡೇ ಹೋದ. ಸದ್ದು ಮಾತ್ರ ನಾಲ್ಕಕ್ಕೂ ಒಂದೇ.

ಮೂರನೇ ಬೇಸ್
ಏಪ್ರಿಲ್ 11

ನಡೆದುಕೊಂಡು ಹೋಗಿ ಹಿಡಿದವುಗಳಿಗೆ ಮಿಶಿಗನ್ ಸರೋವರವನ್ನು ಬಯ್ಯಿರಿ. ರಿಗ್ಲಿಯಲ್ಲಿ ವಸಂತದ ತಣ್ಣನೆಯ ಗಾಳಿ ಸರೋವರದ ಕಡೆಯಿಂದ ಒಳಕ್ಕೆ ಬೀಸುತ್ತದೆ, ಬೇಸಿಗೆಯಲ್ಲಿ ನೈಋತ್ಯದಿಂದ ಹೊರಕ್ಕೆ. ಅದೇ ಮೈದಾನದಲ್ಲಿ 1979ರ ಮೇ 17ರಂದು ಗಾಳಿ ಹೊರಗೆ ಬೀಸುತ್ತಿದ್ದಾಗ ಫಿಲಡೆಲ್ಫಿಯಾ 23, ಇಲ್ಲಿನ ತವರು ತಂಡ ಕಬ್ಸ್ 22. ಹನ್ನೊಂದು ಹೋಮ್ ರನ್, ಹತ್ತನೇ ಇನಿಂಗ್ಸಿನಲ್ಲಿ ಮೈಕ್ ಶ್ಮಿಟ್ ಹೊಡೆತದಿಂದ ಮುಗಿಯಿತು. ಇತ್ತ ಇದೇ ಶಿಕಾಗೋದ ಇನ್ನೊಂದು ಮೈದಾನ ಕೊಮಿಸ್ಕಿ ಪಾರ್ಕ್‌ನಲ್ಲಿ 1940ರ ಏಪ್ರಿಲ್ 16ರಂದು, ಋತುವಿನ ಮೊದಲ ದಿನವೇ, ಬಾಬ್ ಫೆಲರ್ ಎದುರಾಳಿಗೆ ಒಂದೂ ಹಿಟ್ (ಬ್ಯಾಟರ್‌ನನ್ನು ಬೇಸ್ ತಲುಪಿಸುವ ಹೊಡೆತ) ಕೊಡದೆ 1–0ರಿಂದ ಗೆದ್ದರು. ಅವತ್ತೂ ಚಳಿಯೇ.

ನನ್ನ ವಾದ ಬೇರೆ. ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಏಪ್ರಿಲ್‌ನಲ್ಲಿ ಬ್ಯಾಟರ್‌ಗಳಿಗಿಂತ ಮುಂದಿರುತ್ತಾರೆ ಎಂಬ ಹಳೆಯ ಮಾತು ನಾನು ನಂಬುವುದಿಲ್ಲ. ಅವರ ಎಸೆತದ ವೇಗ ಏಪ್ರಿಲ್‌ನಲ್ಲಿ ಕಡಿಮೆ, ಜುಲೈಗೆ ಏರುತ್ತದೆ. ಚಳಿಗೆ ಬೆರಳು ಮರಗಟ್ಟಿ ಚೆಂಡು ಜಾರುತ್ತದೆ, ಅದಕ್ಕೇ ಏಪ್ರಿಲ್‌ನಲ್ಲಿ ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಪುಕ್ಕಟೆ ಬೇಸ್) ಜಾಸ್ತಿ. ಇಷ್ಟೆಲ್ಲ ಪಿಚರ್‌ಗೆ ಪ್ರತಿಕೂಲವಾಗಿದ್ದೂ ರನ್ ಕಡಿಮೆ ಬರುವುದಾದರೆ ತಪ್ಪು ಹವೆಯದ್ದು, ಪಿಚರ್‌ನ ಜಾಣ್ಮೆಯದ್ದಲ್ಲ.

ತಾಳಗುಪ್ಪ ಪ್ಯಾಸೆಂಜರ್
ಏಪ್ರಿಲ್ 11

ಸರಿ, ಹವೆ ಎಂದೇ ಇಟ್ಟುಕೊಳ್ಳೋಣ. ಹವೆ ಪ್ರತಿ ವರ್ಷ ಏಪ್ರಿಲ್‌ನಲ್ಲೂ ಇರುತ್ತದೆ. ಹಾಗಾಗಿ ಈ ಏಪ್ರಿಲ್ಲನ್ನು ಹೋದ ಏಪ್ರಿಲ್ಲಿನ ಜೊತೆ ಹೋಲಿಸಿದರೆ ಆಯಿತು. ಅಜ್ಜಿಯನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ಲೆಕ್ಕದ ಮೇಷ್ಟ್ರು
ಏಪ್ರಿಲ್ 12

ಅಜ್ಜಿ ಈಗ ಸರಿದಾರಿಗೆ ಬಂದರು. ಏಪ್ರಿಲ್‌ಗೆ ಏಪ್ರಿಲ್ಲೇ ಜೋಡಿ. ಟಿವಿಯವರು ಮಾಡುವ ದೊಡ್ಡ ತಪ್ಪು ಏಪ್ರಿಲ್ 15ರ ಅಂಕಿಯನ್ನು ಹಿಂದಿನ ವರ್ಷದ ಪೂರ್ಣ ಋತುವಿನ ಅಂಕಿಯ ಪಕ್ಕದಲ್ಲಿ ಇಟ್ಟು “ಬ್ಯಾಟಿಂಗ್ ಸತ್ತಿತು” ಎಂದು ಘೋಷಿಸುವುದು. 2022ರಲ್ಲಿ ಆದದ್ದು ಇದೇ. ಅದು ಹೇಳಬೇಕಾದ ಕಥೆ.

2021ರ ಡಿಸೆಂಬರಿನಲ್ಲಿ ಮಾಲೀಕರು ಆಟಗಾರರಿಗೆ ಬಾಗಿಲು ಹಾಕಿದರು. 99 ದಿನಗಳ ನಂತರ 2022ರ ಮಾರ್ಚ್ 10ರಂದು ಒಪ್ಪಂದವಾಯಿತು, ಏಪ್ರಿಲ್ 7ಕ್ಕೆ ಋತು ಆರಂಭ. ವಸಂತಕಾಲದ ತಯಾರಿ ಶಿಬಿರ ಅರ್ಧಕ್ಕೆ ಮೊಟಕಾಯಿತು. ಪಿಚರ್‌ಗಳನ್ನು ಕಾಪಾಡಲು ತಂಡದ ಗಾತ್ರವನ್ನು 26ರಿಂದ 28ಕ್ಕೆ ಏರಿಸಿದರು. ಹೆಚ್ಚುವರಿ ಇಬ್ಬರು ಬಹುತೇಕ ಪಿಚರ್‌ಗಳೇ, ಆದ್ದರಿಂದ ಬ್ಯಾಟರ್‌ಗಳಿಗೆ ಪ್ರತಿ ಎರಡು ಇನಿಂಗ್ಸಿಗೊಮ್ಮೆ ಹೊಸ ಮುಖ, ಹೊಸ ವೇಗ. ಎಲ್ಲ ಮೈದಾನಗಳಿಗೂ ಹ್ಯುಮಿಡಾರ್ ಬಂದದ್ದೂ ಅದೇ ವರ್ಷ. ಚೆಂಡೂ ಹಿಂದಿನ ವರ್ಷಗಳಷ್ಟು ಹಾರುತ್ತಿಲ್ಲ ಎಂದು ಬ್ಯಾಟರ್‌ಗಳು ಗೊಣಗಿದರು. ಕೈಗೆ ಸಿಗದೆ ಜಾರುತ್ತಿದೆ ಎಂದು ಪಿಚರ್‌ಗಳೂ ಗೊಣಗಿದರು. ಇಬ್ಬರೂ ಒಟ್ಟಿಗೆ ಗೊಣಗುವುದು ಅಪರೂಪ.

ಆ ಏಪ್ರಿಲ್ ಮುಗಿದಾಗ ಲೀಗಿನ ಬ್ಯಾಟಿಂಗ್ ಸರಾಸರಿ .231, ಅಂದರೆ ಸಾವಿರ ಸಲ ಆಡಿದರೆ 231 ಹಿಟ್. ಪಿಚರ್‌ಗಳ ವರ್ಷ ಎಂದು ಹೆಸರಾದ 1968ರಲ್ಲಿ ಇಡೀ ಋತುವಿನ ಸರಾಸರಿ .237 ಇತ್ತು. ಅದಕ್ಕೂ ಕೆಳಗೆ! 1968ರಲ್ಲಿ ಬಾಬ್ ಗಿಬ್ಸನ್ ಒಂಬತ್ತು ಇನಿಂಗ್ಸಿಗೆ, ಫೀಲ್ಡರ್‌ಗಳ ತಪ್ಪಿನಿಂದ ಬಂದವನ್ನು ಬಿಟ್ಟರೆ, 1.12 ರನ್ ಮಾತ್ರ ಕೊಟ್ಟಿದ್ದರು, ತಂಡಕ್ಕೆ ಪಂದ್ಯಕ್ಕೆ 3.42 ರನ್ ಬಂದಿತ್ತು, ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನೇ 15 ಅಂಗುಲದಿಂದ 10ಕ್ಕೆ ಇಳಿಸಬೇಕಾಯಿತು. ಆಟ ಮುಗಿಯಿತು ಎಂದು ಎಲ್ಲರೂ ಬರೆದರು. ಬಿಸಿಲು ಬಂತು, ಬ್ಯಾಟ್ ಎದ್ದಿತು, ವರ್ಷದ ಕೊನೆಗೆ ಸರಾಸರಿ .243. ಏರಾನ್ ಜಡ್ಜ್ ಆ ಏಪ್ರಿಲ್‌ನಲ್ಲಿ ಹೊಡೆದದ್ದು ಆರು ಹೋಮ್ ರನ್, ವರ್ಷ ಮುಗಿದಾಗ 62. ಮೇಜರ್ ಲೀಗಿನ ಎರಡು ಪಾಲುಗಳಲ್ಲಿ ಒಂದಾದ ಅಮೆರಿಕನ್ ಲೀಗಿನ ದಾಖಲೆ (ಇನ್ನೊಂದು ಪಾಲು ನ್ಯಾಷನಲ್ ಲೀಗ್).

ಈಗ ಕಥೆಯ ಇನ್ನೊಂದು ಮಗ್ಗುಲು. .243 ಎಂಬುದೂ 1968ರ ನಂತರದ ಅತ್ಯಂತ ಕಡಿಮೆ ಸರಾಸರಿಯೇ. ಅದೂ ಆ ವರ್ಷದಿಂದ ನ್ಯಾಷನಲ್ ಲೀಗಿನಲ್ಲೂ ಪಿಚರ್‌ಗಳು ಬ್ಯಾಟ್ ಹಿಡಿಯುವುದು ನಿಂತಿತ್ತು! ಅವರ ಬದಲು ನಿಯೋಜಿತ ಬ್ಯಾಟರ್ ಬಂದ ಮೇಲೆ ರನ್ ಏರಬೇಕಿತ್ತು, 4.53ರಿಂದ 4.28ಕ್ಕೆ ಇಳಿಯಿತು. ಅಂದರೆ ಏಪ್ರಿಲ್ ಕೂಗಿ ಹೇಳಿದ್ದು ಉತ್ಪ್ರೇಕ್ಷೆ, ಸುಳ್ಳಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಮೂರು ವರ್ಷ ಬೇಕಾಯಿತು.

ಚಾಮುಂಡಿಪುರಂ ಹೊಸಬ
ಏಪ್ರಿಲ್ 12

ನಿಯೋಜಿತ ಬ್ಯಾಟರ್ ಎಂದರೆ ನಮ್ಮ ಐಪಿಎಲ್‌ನ ಇಂಪ್ಯಾಕ್ಟ್ ಆಟಗಾರನ ಹಾಗೆಯೇ? ಅಲ್ಲಿ 2023ರಲ್ಲಿ ಅದು ಬಂದ ಮೇಲೆ ಮೊತ್ತಗಳಿಗೆ ಅಂಕೆಯೇ ಇಲ್ಲ. ಹೋದ ವರ್ಷ ಏಪ್ರಿಲ್ 15ರಂದು ಚಿನ್ನಸ್ವಾಮಿಯಲ್ಲಿ ಹೈದರಾಬಾದ್‌ನವರು ನಮ್ಮ ಮೇಲೆ 287 ಹೊಡೆದದ್ದು ಇನ್ನೂ ಉರಿಯುತ್ತದೆ.

ಮೂರನೇ ಬೇಸ್
ಏಪ್ರಿಲ್ 12

ಸಂಬಂಧಿಗಳೇ, ಅವಳಿಗಳಲ್ಲ. ಇಂಪ್ಯಾಕ್ಟ್ ಆಟಗಾರ ಪಂದ್ಯದ ನಡುವೆ ಬರುತ್ತಾನೆ, ಇಲ್ಲಿ ಮೊದಲೇ ನಿಗದಿ. ಉದ್ದೇಶ ಒಂದೇ: ಬ್ಯಾಟ್ ಹಿಡಿಯಲು ಬಾರದವನನ್ನು ನೋಡುವ ಶಿಕ್ಷೆಯಿಂದ ಜನರನ್ನು ಪಾರುಮಾಡುವುದು. ಅಮೆರಿಕನ್ ಲೀಗಿನಲ್ಲಿ ಇದು 1973ರಿಂದ ಇದೆ. 287ರ ವಿಷಯ ಇಲ್ಲಿ ಬೇಡ, ದಯವಿಟ್ಟು.

ಸೊರಬದ ಸೊಸೆ
ಏಪ್ರಿಲ್ 12

ಮೇಷ್ಟ್ರ 2022 ಓದಿದೆ. ಅವರ ಕೊನೆಯ ಪ್ಯಾರಾವನ್ನೇ ಹಿಡಿದುಕೊಂಡು ಸ್ವಲ್ಪ ದೂರ ಹೋಗುತ್ತೇನೆ. ಏಪ್ರಿಲ್ ಏನೂ ಹೇಳುವುದಿಲ್ಲ ಎಂಬ ಬುದ್ಧಿವಂತಿಕೆ ಈಗ ಫ್ಯಾಷನ್ ಆಗಿದೆ. ನನ್ನ ಅನುಭವದಲ್ಲಿ ಏಪ್ರಿಲ್ ಬಹಳ ಹೇಳುತ್ತದೆ, ನಾವು ತಪ್ಪು ಕಾಲಂ ನೋಡುತ್ತಿರುತ್ತೇವೆ.

ರನ್ ಎಂಬುದು ಕೊನೆಯ ಫಲ. ಅದರ ಹಿಂದೆ ಹಿಟ್, ವಾಕ್, ಓಟ, ಯಾವ ಹಿಟ್ ಯಾವುದರ ಹಿಂದೆ ಬಂತು ಎಂಬ ಯೋಗ, ಎಲ್ಲ ಸೇರಿರುತ್ತದೆ. ಅದಕ್ಕೇ ಅಷ್ಟು ಏರಿಳಿತ. ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾಗುವುದನ್ನು ನೋಡಿ. ಅದರಲ್ಲಿ ಗಾಳಿಯೂ ಇಲ್ಲ, ಗೋಡೆಯೂ ಇಲ್ಲ, ಫೀಲ್ಡರ್‌ನ ಅದೃಷ್ಟವೂ ಇಲ್ಲ. 2018ರ ಏಪ್ರಿಲ್‌ನಲ್ಲಿ ಮೇಜರ್ ಲೀಗಿನ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ತಿಂಗಳಲ್ಲಿ ಹಿಟ್‌ಗಳಿಗಿಂತ ಸ್ಟ್ರೈಕ್‌ಔಟ್‌ಗಳು ಹೆಚ್ಚಾದವು. ಚಳಿ, ಸರಿಹೋಗುತ್ತದೆ ಎಂದರು. ಆ ಏಪ್ರಿಲ್ ನಿಜಕ್ಕೂ ವಿಪರೀತ ಚಳಿಯದ್ದೇ, ಪಂದ್ಯಗಳು ಸಾಲುಸಾಲಾಗಿ ಮುಂದೂಡಲ್ಪಟ್ಟಿದ್ದವು. ಋತು ಮುಗಿದಾಗ: ಸ್ಟ್ರೈಕ್‌ಔಟ್ 41,207, ಹಿಟ್ 41,018. ಸರಿಹೋಗಲಿಲ್ಲ.

2021ರಲ್ಲಿ ಮೇ 19ರ ಒಳಗೆ ಆರು ನೋ-ಹಿಟರ್‌ಗಳು (ಎದುರಾಳಿಗೆ ಒಂದೂ ಹಿಟ್ ಸಿಗದ ಪಂದ್ಯಗಳು) ಬಂದವು. ಕಾಕತಾಳೀಯ ಎಂದರು. ಪಿಚರ್‌ಗಳು ಚೆಂಡಿಗೆ ಅಂಟು ಹಚ್ಚಿ ತಿರುಗುವಿಕೆ ಹೆಚ್ಚಿಸುತ್ತಿದ್ದಾರೆ ಎಂಬ ದೂರು ಅಷ್ಟರಲ್ಲಿ ಗಟ್ಟಿಯಾಗಿ, ಜೂನ್ 21ರಿಂದ ಅಂಪೈರ್‌ಗಳು ಟೋಪಿ, ಬೆಲ್ಟು ಎಲ್ಲ ಮುಟ್ಟಿ ತಪಾಸಣೆ ಮಾಡತೊಡಗಿದರು. ಆ ವರ್ಷದ ಏಪ್ರಿಲ್ ಸರಾಸರಿ .232, ವರ್ಷದ ಕೊನೆಗೆ .244. ಎಷ್ಟು ಪಾಲು ಬಿಸಿಲಿನದು, ಎಷ್ಟು ಪಾಲು ಅಂಪೈರ್‌ನದು? ಯಾರಾದರೂ ಬಿಡಿಸಿ ಹೇಳಿದರೆ ಅವರಿಗೆ ನಮ್ಮ ತೋಟದ ಅಡಿಕೆ.

2023ರಲ್ಲಿ ಬೇಸ್‌ನ ಗಾತ್ರ 15 ಅಂಗುಲದಿಂದ 18ಕ್ಕೆ ಏರಿತು, ಪಿಚರ್ ಇಷ್ಟು ಸೆಕೆಂಡಿನೊಳಗೆ ಎಸೆಯಬೇಕೆಂಬ ಗಡಿಯಾರ ಬಂತು. ಬೇಸ್ ಕದಿಯುವುದು (ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡುವುದು) ಮೊದಲ ವಾರದಲ್ಲೇ ಜಿಗಿದಿತ್ತು. ವರ್ಷದ ಕೊನೆಯ ಲೆಕ್ಕ: 2,486ರಿಂದ 3,503ಕ್ಕೆ. ಅದಕ್ಕೆ ಜುಲೈವರೆಗೆ ಕಾಯಬೇಕಿರಲಿಲ್ಲ.

ಕಡಲೆಪುರಿ
ಏಪ್ರಿಲ್ 12

ಅಕ್ಕ, ಸ್ಟ್ರೈಕ್‌ಔಟ್ ಬೇಗ ನಿಜ ಹೇಳುತ್ತದೆ ಎಂದಿರಿ. ಬಾಸ್ಟನ್‌ನ ರಫಾಯೆಲ್ ಡೆವರ್ಸ್ ಈ ವರ್ಷ ಮೊದಲ ಐದು ಪಂದ್ಯಗಳಲ್ಲಿ 19 ಸಲ ಆಡಿ ಒಂದೂ ಹಿಟ್ ಇಲ್ಲ, ಅದರಲ್ಲಿ 15 ಸ್ಟ್ರೈಕ್‌ಔಟ್. ಅಷ್ಟು ದೊಡ್ಡ ಬ್ಯಾಟರ್‌ಗೆ ಬ್ಯಾಟ್ ಹಿಡಿಯುವುದೇ ಮರೆತುಹೋಯಿತೇ?

ಸೊರಬದ ಸೊಸೆ
ಏಪ್ರಿಲ್ 12

ಒಬ್ಬನ ಮೇಲೆ ತೀರ್ಪು ಕೊಡಲು ಅವನು ಅರವತ್ತು ಸಲವಾದರೂ ಕ್ರೀಸಿಗೆ ಬರಬೇಕು ಎನ್ನುತ್ತಾರೆ ಈ ಲೆಕ್ಕ ಮಾಡಿದವರು. ಐದು ಪಂದ್ಯ ಎಂದರೆ ಅದರ ಅರ್ಧವೂ ಇಲ್ಲ. ನಾನು ಹೇಳಿದ್ದು ಇಡೀ ಲೀಗಿನ ಮಾತು. (ಕ್ರೀಸ್ ಎಂದು ಬರೆದೆ, ನೋಡಿ. ಹನ್ನೆರಡು ವರ್ಷವಾದರೂ ಕೈ ಕ್ರಿಕೆಟ್ಟನ್ನು ಬಿಡುವುದಿಲ್ಲ.)

ಲೆಕ್ಕದ ಮೇಷ್ಟ್ರು
ಏಪ್ರಿಲ್ 12

ಸೊಸೆಯವರ ಮಾತಿಗೆ ಅಂಕಿ ಸೇರಿಸುತ್ತೇನೆ. 360 ತಂಡ-ಪಂದ್ಯ, ಒಂದಕ್ಕೆ ಸುಮಾರು 38 ಬ್ಯಾಟಿಂಗ್ ಸರದಿ, ಒಟ್ಟು ಹದಿಮೂರು ಸಾವಿರ ದಾಟುತ್ತದೆ. ಅದರಲ್ಲಿ ಸ್ಟ್ರೈಕ್‌ಔಟ್ ಶೇ 22–23. ಅನಿಶ್ಚಿತತೆ ಶೇಕಡಾ ಒಂದರ ಮೂರನೇ ಭಾಗದಷ್ಟು. ರನ್ ಸರಾಸರಿಗೆ ಹೋಲಿಸಿದರೆ ಎರಡು ಪಟ್ಟು ಬಿಗಿ. ಒಪ್ಪಿದೆ.

ಮೂರನೇ ಬೇಸ್
ಏಪ್ರಿಲ್ 13

ವ್ಯಕ್ತಿಗಳ ಮಾತು ಬಂದದ್ದಕ್ಕೆ ಇಬ್ಬರನ್ನು ನೆನೆಯದೆ ಇರಲಾಗದು. 2006ರಲ್ಲಿ ಡೆಟ್ರಾಯಿಟ್‌ನ ಕ್ರಿಸ್ ಶೆಲ್ಟನ್ ಮೊದಲ 13 ಪಂದ್ಯಗಳಲ್ಲಿ ಒಂಬತ್ತು ಹೋಮ್ ರನ್ ಹೊಡೆದರು. ಊರೆಲ್ಲ ಅವರದ್ದೇ ಹೆಸರು. ಏಪ್ರಿಲ್ ಮುಗಿದಾಗ ಹತ್ತು, ವರ್ಷ ಮುಗಿದಾಗ ಹದಿನಾರು. ಜುಲೈ ಕೊನೆಗೆ ಅವರನ್ನು ಕೆಳಗಿನ ಲೀಗಿಗೆ ಕಳುಹಿಸಿಯೂ ಆಗಿತ್ತು. ತಂಡ ಮಾತ್ರ ಆ ವರ್ಷ ವಿಶ್ವ ಸರಣಿಯವರೆಗೆ ಹೋಯಿತು.

ಇನ್ನೊಬ್ಬರು ಟಫಿ ರೋಡ್ಸ್. 1994ರ ಮೊದಲ ದಿನ ರಿಗ್ಲಿಯಲ್ಲಿ ಡ್ವೈಟ್ ಗುಡನ್ ಎಸೆತಕ್ಕೆ ಮೂರು ಹೋಮ್ ರನ್. ಕಬ್ಸ್ ಹಾಗಿದ್ದೂ 12–8ರಿಂದ ಸೋತಿತು, ಅದು ಕಬ್ಸ್‌ನ ಹಣೆಬರಹ. ಆ ವರ್ಷ ಅವರು ಹೊಡೆದದ್ದು ಒಟ್ಟು ಎಂಟು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡಿ ಎನ್ನಲು ಇದನ್ನೇ ಎಲ್ಲರೂ ಎತ್ತಿಕೊಳ್ಳುತ್ತಾರೆ. ಆದರೆ ಅದೇ ಮನುಷ್ಯ ಜಪಾನಿಗೆ ಹೋಗಿ 464 ಹೋಮ್ ರನ್ ಹೊಡೆದರು, 2001ರಲ್ಲಿ ಒಂದೇ ಋತುವಿನಲ್ಲಿ 55 ಹೊಡೆದು ಸದಾಹರು ಓ ಅವರ ದಾಖಲೆ ಮುಟ್ಟಿದರು. ಕುಲಾವಿ ವ್ಯರ್ಥವಾಗಲಿಲ್ಲ, ಕೂಸು ಬೇರೆ ಊರಿನಲ್ಲಿ ಹುಟ್ಟಿತು.

ಗಾಳಿ ಗೋಪುರ
ಏಪ್ರಿಲ್ 13

ಜಪಾನ್ ಎಂದಿರಿ, ಚೆಂಡಿನ ಮಾತು ಅಲ್ಲಿಂದಲೇ ಹೇಳಬೇಕು. ಅಲ್ಲಿನ ವೃತ್ತಿಪರ ಲೀಗ್ 2011ರಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಚೆಂಡು ತಂದಿತು. 2010ರಲ್ಲಿ 1,605 ಇದ್ದ ಹೋಮ್ ರನ್ 2011ರಲ್ಲಿ 939ಕ್ಕೆ ಕುಸಿಯಿತು. ಅದು ಮೊದಲ ವಾರವೇ ಕಣ್ಣಿಗೆ ಹೊಡೆಯುವಷ್ಟು ದೊಡ್ಡ ಬದಲಾವಣೆ. ಕಥೆಯ ರುಚಿ ಇರುವುದು 2013ರಲ್ಲಿ: ಆ ವರ್ಷ ಚೆಂಡು ಮತ್ತೆ ಹಾರತೊಡಗಿತು, ಏನೂ ಬದಲಾಗಿಲ್ಲ ಎಂದು ಲೀಗಿನವರು ಸಾಧಿಸಿದರು. ಜೂನ್‌ನಲ್ಲಿ, ಸದ್ದಿಲ್ಲದೆ ಚೆಂಡು ಬದಲಿಸಿದ್ದು ನಿಜ ಎಂದು ಒಪ್ಪಿಕೊಂಡರು. ಹೋಮ್ ರನ್ 1,311ಕ್ಕೆ ಏರಿತು, ವ್ಲಾದಿಮಿರ್ ಬಾಲೆಂಟಿನ್ 60 ಹೊಡೆದು ಓ ಅವರ ದಾಖಲೆ ಮುರಿದರು, ಕಮಿಷನರ್ ರಾಜೀನಾಮೆ ಕೊಟ್ಟರು. ಅಲ್ಲಿನ ಏಪ್ರಿಲ್ ನಿಜ ಹೇಳಿತ್ತು, ಕಚೇರಿ ಸುಳ್ಳು ಹೇಳಿತ್ತು.

ಅಮೆರಿಕದ ಚೆಂಡು ಕೋಸ್ಟರಿಕಾದ ತುರ್ರಿಯಾಲ್ಬ ಊರಿನಲ್ಲಿ ಕೈಯಿಂದ ಹೊಲಿಯಲ್ಪಡುತ್ತದೆ. ಕೈಹೊಲಿಗೆಯಾದ್ದರಿಂದ ದಾರ ಒಂದು ಎಳೆ ಉಬ್ಬಿದರೂ ಗಾಳಿಯ ಎಳೆತ ಬದಲಾಗುತ್ತದೆ. 2019ರಲ್ಲಿ 6,776 ಹೋಮ್ ರನ್ ಬಂದದ್ದಕ್ಕೆ ಎಳೆತ ಕಡಿಮೆಯಾದದ್ದು ದೊಡ್ಡ ಕಾರಣ ಎಂದು ಲೀಗ್ ನೇಮಿಸಿದ ವಿಜ್ಞಾನಿಗಳೇ ವರದಿ ಕೊಟ್ಟರು. ನನ್ನ ಮಟ್ಟಿಗೆ ಏಪ್ರಿಲ್‌ನಲ್ಲಿ ನೋಡಬೇಕಾದದ್ದು ಇದನ್ನೇ: ಅದೇ ವೇಗ, ಅದೇ ಕೋನ, ಅದೇ ಉಷ್ಣಾಂಶದಲ್ಲಿ ಹೊಡೆದ ಚೆಂಡು ಹೋದ ವರ್ಷ ಎಷ್ಟು ದೂರ ಹೋಗಿತ್ತು, ಈ ವರ್ಷ ಎಷ್ಟು? ಬ್ಯಾಟಿನ ಆಕಾರ ಆಮೇಲೆ.

ಕಡಲೆಪುರಿ
ಏಪ್ರಿಲ್ 13

ಬ್ಯಾಟಿನ ಆಕಾರದ ಬಗ್ಗೆಯೂ ಎರಡು ಮಾತು ಹೇಳಿ ಮುಗಿಸಿಬಿಡಿ. ಮೂಲ ಪ್ರಶ್ನೆ ಅದೇ ತಾನೇ.

ಗಾಳಿ ಗೋಪುರ
ಏಪ್ರಿಲ್ 13

ಮರವನ್ನು ತುದಿಯಿಂದ ಸ್ವಲ್ಪ ಹಿಡಿಯ ಕಡೆಗೆ, ಆ ಬ್ಯಾಟರ್ ಚೆಂಡನ್ನು ಹೆಚ್ಚಾಗಿ ತಾಗಿಸುವ ಜಾಗಕ್ಕೆ ಸರಿಸಿದ್ದಾರೆ. ರೂಪಿಸಿದವರು ಏರಾನ್ ಲೀನ್‌ಹಾರ್ಟ್, ಎಂಐಟಿಯಲ್ಲಿ ಭೌತಶಾಸ್ತ್ರ ಓದಿದವರು. ನಿಯಮದಂತೆ ದಪ್ಪ 2.61 ಅಂಗುಲ, ಉದ್ದ 42 ಅಂಗುಲ ಮೀರಬಾರದು. ಇದು ಮೀರಿಲ್ಲ. ಆ 20–9 ಪಂದ್ಯದಲ್ಲಿ ಮೂರು ಹೋಮ್ ರನ್ ಹೊಡೆದ ಜಡ್ಜ್ ಹಿಡಿದದ್ದು ಹಳೆಯ ಆಕಾರದ ಬ್ಯಾಟ್. ಇಷ್ಟು ಸಾಕು.

ಸೊರಬದ ಸೊಸೆ
ಏಪ್ರಿಲ್ 13

ಪಂಥ ಕಟ್ಟುವವರಿಗೆ ಇನ್ನೊಂದು ಎಚ್ಚರಿಕೆ. ಈ ವರ್ಷ ಏಪ್ರಿಲ್‌ಗೆ ಏಪ್ರಿಲ್ ಹೋಲಿಕೆಯೂ ಪೂರ್ತಿ ಶುದ್ಧವಲ್ಲ. ಎರಡು ತಂಡಗಳ ಮನೆ ಬದಲಾಗಿದೆ. ಕಳೆದ ಅಕ್ಟೋಬರ್‌ನ ಚಂಡಮಾರುತಕ್ಕೆ ಟ್ಯಾಂಪಾ ಬೇ ತಂಡದ ಮುಚ್ಚಿದ ಕ್ರೀಡಾಂಗಣದ ಚಾವಣಿ ಹರಿದುಹೋಗಿ, ಅವರು ಈಗ ಯಾಂಕೀಸ್‌ನವರ ವಸಂತ ಶಿಬಿರದ ಬಯಲು ಮೈದಾನದಲ್ಲಿ ಆಡುತ್ತಿದ್ದಾರೆ. ಫ್ಲೋರಿಡಾದ ಬೇಸಿಗೆ ಮಳೆಗೆ ಹೆದರಿ ಅವರ ತವರಿನ ಪಂದ್ಯಗಳನ್ನು ಋತುವಿನ ಮೊದಲ ಭಾಗಕ್ಕೇ ಹೆಚ್ಚು ತುಂಬಿದ್ದಾರೆ. ಓಕ್‌ಲ್ಯಾಂಡ್ ಬಿಟ್ಟ ಅಥ್ಲೆಟಿಕ್ಸ್ ತಂಡ ಸ್ಯಾಕ್ರಮೆಂಟೊದ ಸಣ್ಣ ಮೈದಾನಕ್ಕೆ ಬಂದಿದೆ. ಓಕ್‌ಲ್ಯಾಂಡ್‌ನದು ಕೊಲ್ಲಿಯ ತಣ್ಣನೆಯ, ಹೊಡೆತಗಳನ್ನು ನುಂಗುವ ಮೈದಾನ. ಸ್ಯಾಕ್ರಮೆಂಟೊ ಜುಲೈಯಲ್ಲಿ ಬಾಣಲೆ. ಅಂದರೆ ರನ್ ಏರಿದರೂ ಅದನ್ನು ಬ್ಯಾಟಿನ ಖಾತೆಗೆ ಬರೆಯುವ ಮುನ್ನ ಈ ಎರಡು ಮನೆಗಳನ್ನು ಕಳೆದು ನೋಡಿ.

ಹೊಸಬರ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅಟ್ಲಾಂಟಾ ಸೋತ ಏಳೂ ಪಂದ್ಯ ಸ್ಯಾನ್ ಡಿಯಾಗೊ ಮತ್ತು ನಿಮ್ಮ ಡಾಡ್ಜರ್ಸ್ ವಿರುದ್ಧ, ಅವರ ಊರುಗಳಲ್ಲೇ. ಸ್ವಲ್ಪ ಅದೃಷ್ಟ, ಸ್ವಲ್ಪ ವೇಳಾಪಟ್ಟಿ. ಆದರೂ ಏಪ್ರಿಲ್‌ನ ಸೋಲು ಸೆಪ್ಟೆಂಬರ್‌ನ ಸೋಲಿನಷ್ಟೇ ತೂಗುತ್ತದೆ, ವಾಪಸು ಬರುವುದಿಲ್ಲ. 2019ರಲ್ಲಿ ವಾಷಿಂಗ್ಟನ್ ಮೊದಲ 50ರಲ್ಲಿ 19 ಮಾತ್ರ ಗೆದ್ದು ಕೊನೆಗೆ ವಿಶ್ವ ಸರಣಿ ಗೆದ್ದಿತು. 2023ರಲ್ಲಿ ಇದೇ ಟ್ಯಾಂಪಾ ಬೇ ಮೊದಲ 13ನ್ನೂ ಗೆದ್ದು, 99 ಗೆಲುವಿನೊಂದಿಗೆ ನಾಕ್‌ಔಟ್ ಹಂತಕ್ಕೆ ಬಂದು, ಎರಡೇ ಪಂದ್ಯ ಸೋತು ಮನೆಗೆ ಹೋಯಿತು. ಬೀದಿಯವರಿಗೆ ಇನ್ನು ಸ್ವಲ್ಪ ದಿನ ಬಿಟ್ಟು ಹೇಳಿ.

ಚಾಮುಂಡಿಪುರಂ ಹೊಸಬ
ಏಪ್ರಿಲ್ 14

ಹೇಳಿಯಾಗಿದೆ, ಅಮ್ಮ. ಎದುರು ಮನೆಯವರು ದಿನವೂ ಸ್ಕೋರ್ ಕೇಳುತ್ತಾರೆ, ನಾನೀಗ ಅವರ ಕಣ್ಣು ತಪ್ಪಿಸಿ ಹಾಲು ತರುತ್ತಿದ್ದೇನೆ.

ಶಿಕಾಗೋ ಚಳಿ
ಏಪ್ರಿಲ್ 14

ಎಲ್ಲರಿಗೂ ಧನ್ಯವಾದ. ಇಂದು ಊಟದ ಹೊತ್ತಿಗೆ ಪಂಥವನ್ನು ಹೀಗೆ ತಿದ್ದಿದೆವು: ಮೇ ಕೊನೆಯವರೆಗಿನ ಲೀಗಿನ ರನ್ ಸರಾಸರಿ, ಹೋದ ವರ್ಷದ ಅದೇ ದಿನದವರೆಗಿನ ಸರಾಸರಿಯ ಎದುರು. 0.2 ರನ್‌ಗಿಂತ ಹೆಚ್ಚು ಏರಿದರೆ ಅವರು ಗೆದ್ದರು. ಟ್ಯಾಂಪಾ, ಸ್ಯಾಕ್ರಮೆಂಟೊ ಪಂದ್ಯಗಳು ಲೆಕ್ಕಕ್ಕಿಲ್ಲ. ಸಹೋದ್ಯೋಗಿ ಇದನ್ನೆಲ್ಲ ಕೇಳಿ, ನೀನು ಪಂಥ ಕಟ್ಟುತ್ತಿದ್ದೀಯೋ ಕರಾರುಪತ್ರ ಬರೆಯುತ್ತಿದ್ದೀಯೋ ಎಂದರು. ನಾನು ಸೋತರೆ ಒಂದು ಡಬ್ಬಿ ಮೈಸೂರು ಪಾಕ್, ಅವರು ಸೋತರೆ ರಿಗ್ಲಿಗೆ ಎರಡು ಟಿಕೆಟ್.

ಲೆಕ್ಕದ ಮೇಷ್ಟ್ರು
ಏಪ್ರಿಲ್ 14

0.2 ಎಂಬುದು ಮೇ ಕೊನೆಯ ಹೊತ್ತಿಗೆ ನ್ಯಾಯವಾದ ಗೆರೆ. ಟಿಕೆಟ್ ಯಾವ ತಿಂಗಳಿನದು ಎಂದು ಕರಾರಿನಲ್ಲಿ ಬರೆಸಿಕೊಂಡಿದ್ದೀರಾ?

ಶಿಕಾಗೋ ಚಳಿ
ಏಪ್ರಿಲ್ 14

ಇಲ್ಲ. ಈಗಲೇ ಹೋಗಿ ಜುಲೈ ಎಂದು ಸೇರಿಸುತ್ತೇನೆ.